ನಿಮಗಿದು ಗೊತ್ತೇ? ಡೀಸೆಲ್‌ಗೂ ಉಂಟು ಮಳೆಗಾಲ, ಚಳಿಗಾಲ

ಸರ್ಕಾರಿ ಲೆಕ್ಕದಲ್ಲಿ ಡೀಸೆಲ್‌ಗೆ ವರ್ಷಕ್ಕೆ ಎರಡೇ ಕಾಲ. ಭಾರತೀಯ ಮಾನಕ ಬ್ಯೂರೋದ ಐಎಸ್‌ 1460 ಎಂಬ ಮಾನದಂಡದ ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಚಳಿಗಾಲ, ಉಳಿದ ಎಂಟು ತಿಂಗಳೂ ಬೇಸಿಗೆ. ಮಳೆಗಾಲದ ಹೆಸರೇ ಅಲ್ಲಿಲ್ಲ. ಆದರೆ ಶಿರೂರಿನಿಂದ ಬ್ರಹ್ಮಾವರದವರೆಗೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಊರುಗಳಲ್ಲಿ ಡೀಸೆಲ್‌ ಹಾಳಾಗುವುದು ಹೆಚ್ಚಾಗಿ ಮಳೆಗಾಲದಲ್ಲೇ.

ಆ ಎರಡು ಕಾಲದ ಡೀಸೆಲ್‌ಗೆ ವ್ಯತ್ಯಾಸವೇನು? ತಣ್ಣಗಾದಾಗಲೂ ಫಿಲ್ಟರ್‌ ದಾಟಿ ಹೋಗುವ ಶಕ್ತಿ. ಚಳಿಗಾಲದ ಡೀಸೆಲ್‌ 6 ಡಿಗ್ರಿ ಸೆಲ್ಸಿಯಸ್‌ನಲ್ಲೂ ಫಿಲ್ಟರ್‌ ದಾಟಬೇಕು. ಬೇಸಿಗೆಯದು 18 ಡಿಗ್ರಿಯವರೆಗೆ ದಾಟಿದರೆ ಸಾಕು.

ಚಳಿಗೆ ಮೊದಲು ಗಟ್ಟಿಯಾಗುವುದು ಡೀಸೆಲ್‌ನೊಳಗಿನ ಮೇಣ. ಮಾಗಿಯ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಡೀಸೆಲ್‌ನಲ್ಲೂ ನಡೆಯುವುದು ಅದೇ, ಆದರೆ ಇನ್ನೂ ಕೆಳಗಿನ ಉಷ್ಣಾಂಶದಲ್ಲಿ. ತೆಂಗಿನೆಣ್ಣೆಗೆ 24 ಡಿಗ್ರಿ ಸಾಕು. ಕುಂದಾಪುರದಲ್ಲಿ ಡಿಸೆಂಬರ್‌, ಜನವರಿಯ ಬೆಳಗಿನ ಜಾವಕ್ಕೂ ಉಷ್ಣಾಂಶ 20ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಎಣ್ಣೆ ಕಟ್ಟುತ್ತದೆ, ಡೀಸೆಲ್‌ ಕಟ್ಟುವುದಿಲ್ಲ.

ಲಡಾಖ್‌ನ ಕತೆ ಬೇರೆ. ಅಲ್ಲಿನ ಚಳಿಗಾಲಕ್ಕೆಂದೇ ಇಂಡಿಯನ್‌ ಆಯಿಲ್‌ 2019ರ ನವೆಂಬರ್‌ನಲ್ಲಿ ವಿಶೇಷ ಡೀಸೆಲ್‌ ಬಿಡುಗಡೆ ಮಾಡಿತು. ಪಾಣಿಪತ್‌ ರಿಫೈನರಿಯಲ್ಲಿ ತಯಾರಾದ ಆ ಡೀಸೆಲ್‌ ಮೈನಸ್‌ 33 ಡಿಗ್ರಿಯಲ್ಲೂ ಹರಿಯುತ್ತದೆ. ಅದಕ್ಕೂ ಮೊದಲು ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ತೆಳು ಮಾಡಿಕೊಳ್ಳುವುದೇ ಅಲ್ಲಿ ಚಾಲಕರ ದಾರಿಯಾಗಿತ್ತು.

ಜರ್ಮನಿಯಲ್ಲಿ ನೆಲೆಸಿದ ನಮ್ಮ ಊರಿನವರು ಡೀಸೆಲ್‌ ಕಾರು ಇಟ್ಟುಕೊಂಡಿದ್ದರೆ ಅವರು ಕೇಳದೆಯೇ ಪಂಪಿನವರು ಕಾಲ ಬದಲಿಸಿ ಕೊಡುತ್ತಾರೆ. ಅಲ್ಲಿ ನವೆಂಬರ್‌ 16ರಿಂದ ಫೆಬ್ರವರಿ ಕೊನೆಯವರೆಗೆ ಮಾರುವ ಡೀಸೆಲ್‌ ಮೈನಸ್‌ 20 ಡಿಗ್ರಿಯಲ್ಲೂ ಫಿಲ್ಟರ್‌ ದಾಟಬೇಕೆಂಬ ನಿಯಮವಿದೆ.

ಚಳಿಗೆಂದು ಬಾಟಲಿಯಲ್ಲಿ ಮಾರುವ ಡೀಸೆಲ್‌ ಅಡಿಟಿವ್‌ ಮೇಣವನ್ನು ಕರಗಿಸುವುದಿಲ್ಲ. ಮೇಣದ ಹರಳು ಹುಟ್ಟುವಾಗಲೇ ಅದಕ್ಕೆ ಅಂಟಿಕೊಂಡು, ದೊಡ್ಡದಾಗಿ ಬೆಳೆಯದಂತೆ ತಡೆಯುತ್ತದೆ. ಹರಳು ಸಣ್ಣದಾಗಿದ್ದರೆ ಫಿಲ್ಟರ್‌ ದಾಟಿ ಹೋಗುತ್ತದೆ. ಡೀಸೆಲ್‌ ಕಟ್ಟಿಕೊಂಡ ಮೇಲೆ ಬಾಟಲಿ ಸುರಿದರೆ ಫಲವಿಲ್ಲದಿರುವುದು ಇದೇ ಕಾರಣಕ್ಕೆ. ಡೀಸೆಲ್‌ ಬೆಚ್ಚಗಿರುವಾಗಲೇ ಬೆರೆಸಬೇಕು.

ಕರಾವಳಿಯಲ್ಲೇ ಓಡಾಡುವ ಬೋಟು, ಬಸ್ಸು, ಟಿಲ್ಲರ್‌ಗೆ ಈ ಬಾಟಲಿಯ ಅಗತ್ಯ ಒಂದು ದಿನಕ್ಕೂ ಇಲ್ಲ. ಬಾಟಲಿಯ ಮೇಲೆ ಹಿಮದ ಚಿತ್ರವಿದ್ದರೆ ಅದು ಬೇರೆ ಊರಿಗೆ ಮಾಡಿದ್ದು ಎಂದು ತಿಳಿಯಿರಿ. ಆ ದುಡ್ಡನ್ನು ಒಂದು ಒಳ್ಳೆಯ ಫಿಲ್ಟರ್‌ಗೆ ಹಾಕುವುದು ಮೇಲು.

ನಮ್ಮಲ್ಲಿ ಕಾಲ ಬದಲಾಗುವುದು ಎಂದರೆ ಜೂನ್‌ 1. ಅಂದಿನಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷೇಧ. 10 ಅಶ್ವಶಕ್ತಿ ಮೀರಿದ ಎಂಜಿನ್‌ ಹಾಕಿದ ನಾಡದೋಣಿಗೂ ಇದೇ ನಿಯಮ. ಗಂಗೊಳ್ಳಿ, ಕೋಡಿ ಕನ್ಯಾನ, ಹಂಗಾರಕಟ್ಟೆಯಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕುತ್ತವೆ. ಬಲೆ ಬಿಚ್ಚಿ ಮನೆಗೆ ಒಯ್ಯುತ್ತಾರೆ, ಬಣ್ಣ ಬಳಿಯುತ್ತಾರೆ, ಎಂಜಿನ್‌ ಬಿಚ್ಚಿ ನೋಡುತ್ತಾರೆ. ಟ್ಯಾಂಕಿಯ ತಳದಲ್ಲಿ ಉಳಿದ ಡೀಸೆಲ್‌ ಮಾತ್ರ ಎರಡು ತಿಂಗಳು ಹಾಗೆಯೇ ಕೂತಿರುತ್ತದೆ. ವರ್ಷದ ಅತಿ ತೇವದ ಎರಡು ತಿಂಗಳು ಅವು.

ಖಾಲಿ ಟ್ಯಾಂಕಿಯ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ನೀರಾಗಿ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. 1,000 ಲೀಟರಿನ ಖಾಲಿ ಟ್ಯಾಂಕಿ. 30 ಡಿಗ್ರಿ ಶಾಖ, ಶೇ 90ರ ತೇವ. ಅದರೊಳಗಿನ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರಾವಿ ಇರುತ್ತದೆ. ಬೆಳಗಿನ ಜಾವ 24 ಡಿಗ್ರಿಗೆ ಇಳಿದರೆ ಅದರಲ್ಲಿ ಐದಾರು ಗ್ರಾಂ ನೀರಾಗುತ್ತದೆ, ಅಂದರೆ ಒಂದು ಚಮಚ. ಮರುದಿನ ಹೊಸ ಗಾಳಿ ಒಳಗೆ ಬರುವುದು ಸ್ವಲ್ಪವೇ ಆದ್ದರಿಂದ ಪ್ರತಿ ರಾತ್ರಿಯೂ ಚಮಚ ತುಂಬುವುದಿಲ್ಲ. ಹಾಗಿದ್ದರೆ ಆಗಸ್ಟ್‌ನಲ್ಲಿ ತಳದಿಂದ ಬಕೆಟ್‌ಗಟ್ಟಲೆ ಬರುವ ನೀರು ಎಲ್ಲಿಯದು? ಡೆಕ್ಕಿನ ಮೇಲಿನ ಮುಚ್ಚಳದ ಸವೆದ ರಬ್ಬರು, ಗಾಳಿ ಕೊಳವೆಯ ತೆರೆದ ಬಾಯಿ, ಮಳೆಯಲ್ಲಿ ನಿಂತ ಬ್ಯಾರೆಲ್‌ ಇವುಗಳನ್ನೇ ನಾನು ಮೊದಲು ಹುಡುಕುತ್ತೇನೆ. ಹತ್ತು ರೂಪಾಯಿಯ ರಬ್ಬರ್‌ ರಿಂಗು ಬದಲಿಸದೆ ಸಾವಿರ ರೂಪಾಯಿಯ ಬಾಟಲಿ ಹಾಕುವುದು ದಂಡ.

ಬ್ಯಾರೆಲ್‌ ಮಳೆನೀರನ್ನು ಹೀರುತ್ತದೆ! 200 ಲೀಟರಿನ ಬ್ಯಾರೆಲ್ಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ತಲೆಯ ಮೇಲೆ, ಅಂಚಿನ ಒಳಗೆ ಮಳೆನೀರು ನಿಲ್ಲುತ್ತದೆ. ಬಿಸಿಲು ಬಿದ್ದಾಗ ಒಳಗಿನ ಗಾಳಿ ಹಿಗ್ಗಿ ಬಿರಟೆಯ ಸಂದಿನಿಂದ ಹೊರಗೆ ಹೋಗುತ್ತದೆ. ಮಳೆ ಬಂದು ತಣ್ಣಗಾದಾಗ ಒಳಗೆ ಒತ್ತಡ ಕುಸಿದು ನಿಂತ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬಿರಟೆ ಬಿಗಿಯಾಗಿದೆ ಎಂದು ಕೈಗೆ ಅನ್ನಿಸಿದರೂ ಇದು ನಡೆಯುತ್ತದೆ. ಬ್ಯಾರೆಲ್ಲನ್ನು ಅಡ್ಡ ಮಲಗಿಸಿ, ಎರಡು ಬಿರಟೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಬರುವಂತೆ ತಿರುಗಿಸಿಡಿ. ಆಗ ಒಳಗಿನ ಡೀಸೆಲ್ಲೇ ಬಿರಟೆಗೆ ಕಾವಲು. ಮಾಡಿನಡಿ ಇಡಲು ಜಾಗವಿದ್ದರೆ ಇನ್ನೂ ಒಳ್ಳೆಯದು.

ಡೀಸೆಲ್‌ನಲ್ಲಿ ಎಷ್ಟು ನೀರಿರಬಹುದು? ಬಿಎಸ್‌-6 ಮಾನದಂಡದಲ್ಲಿ ಕಿಲೋಗೆ ಹೆಚ್ಚೆಂದರೆ 200 ಮಿಲಿಗ್ರಾಂ. 1,000 ಲೀಟರಿಗೆ ಲೆಕ್ಕ ಹಾಕಿದರೆ ಒಂದು ಲೋಟವೂ ತುಂಬದು.

ಡೀಸೆಲ್‌ ತಿಂದು ಬದುಕುವ ಶಿಲೀಂಧ್ರವೊಂದಿದೆ. ಹೆಸರು ಹಾರ್ಮೊಕೋನಿಸ್‌ ರೆಸಿನೇ. ಸೀಮೆಎಣ್ಣೆಯ ಶಿಲೀಂಧ್ರ ಎಂದೇ ಅದಕ್ಕೆ ಹೆಸರು ಬಿದ್ದಿತ್ತು, ಏಕೆಂದರೆ ಸೀಮೆಎಣ್ಣೆಯಂಥ ಇಂಧನ ತುಂಬುವ ಜೆಟ್‌ ವಿಮಾನಗಳ ಟ್ಯಾಂಕಿಯಲ್ಲಿ ಅದು ಮೊದಲೇ ಕಾಟ ಕೊಟ್ಟಿತ್ತು. ನೀರಿಲ್ಲದ ಡೀಸೆಲ್‌ನಲ್ಲಿ ಅದು ಬೆಳೆಯದು. ಡೀಸೆಲ್‌ ಇಲ್ಲದ ಬರೀ ನೀರಿನಲ್ಲಿ ಅದಕ್ಕೆ ಆಹಾರವಿಲ್ಲ. ಎರಡೂ ಮುಟ್ಟುವ ಗೆರೆಯಲ್ಲೇ ಅದರ ಸಂಸಾರ. 25ರಿಂದ 35 ಡಿಗ್ರಿ ಶಾಖ ಅದಕ್ಕೆ ಹಿತ. ನಮ್ಮ ಕರಾವಳಿಯಲ್ಲಿ ವರ್ಷವಿಡೀ ಹಗಲಿನ ಶಾಖ ಅಷ್ಟೇ. ತೆಳ್ಳಗೆ ನೀರಿನ ಪದರ ಸಿಕ್ಕರೆ ಸಾಕು, ಕಂದು ಬಣ್ಣದ ಲೋಳೆ ಹಾಳೆಯಂತೆ ಹರಡಿಕೊಳ್ಳುತ್ತದೆ. ದಕ್ಕೆಯಲ್ಲಿ ಇದನ್ನು ಪಾಚಿ ಎನ್ನುವವರಿದ್ದಾರೆ. ಪಾಚಿಗೆ ಬೆಳಕು ಬೇಕು. ಕತ್ತಲ ಟ್ಯಾಂಕಿಯಲ್ಲಿ ಅದು ಬೆಳೆಯಲಾರದು.

ಪರೀಕ್ಷೆಗೆ ಪ್ರಯೋಗಾಲಯ ಬೇಡ. ಬಣ್ಣವಿಲ್ಲದ ಗಾಜಿನ ಬಾಟಲಿಯನ್ನು ತೊಳೆದು ಚೆನ್ನಾಗಿ ಒಣಗಿಸಿ. ಟ್ಯಾಂಕಿಯ ಅಡಿಯ ನಲ್ಲಿಯಿಂದಲೇ ಡೀಸೆಲ್‌ ಹಿಡಿಯಿರಿ; ಮೇಲಿನಿಂದ ತೆಗೆದದ್ದು ಯಾವಾಗಲೂ ಚಂದವೇ ಕಾಣುತ್ತದೆ. ಒಂದು ರಾತ್ರಿ ಅಲುಗಾಡಿಸದೆ ಇಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ. ಹಿಂದೆ ಹಿಡಿದ ಅಚ್ಚಿನ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಡೀಸೆಲ್‌ ಸರಿ ಇದೆ. ಮಂಜು ಕವಿದಂತಿದ್ದರೆ ನೀರಿನ ಸಣ್ಣ ಹನಿಗಳು ತೇಲುತ್ತಿವೆ. ತಳದಲ್ಲಿ ನೀರು ಗುಳ್ಳೆಯಾಗಿ ಕೂತಿದ್ದರೆ ಬಾಟಲಿ ಓರೆ ಮಾಡಿದಾಗ ಅದು ಓಡಾಡುವುದು ಕಾಣುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಕಪ್ಪು ಕಂದು ಎಳೆಗಳು ಜೋತಾಡುತ್ತಿದ್ದರೆ ಶಿಲೀಂಧ್ರ ಬೇರೂರಿದೆ.

ಈಗ ಅಡಿಟಿವ್‌ ಬದಲಿಸುವ ಮಾತು. ನೀರಿಗೆಂದು ಮಾರುವ ಬಾಟಲಿಗಳಲ್ಲಿ ಎರಡು ಜಾತಿ. ಎರಡರ ಕೆಲಸವೂ ಪರಸ್ಪರ ವಿರುದ್ಧ. ಒಂದು, ಡೀಸೆಲ್‌ನಲ್ಲಿ ತೇಲುವ ಹನಿಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ; ಆಮೇಲೆ ನಾವು ನಲ್ಲಿ ತಿರುಗಿಸಿ ಬಿಡಬೇಕು. ಇನ್ನೊಂದು, ತಳದ ನೀರನ್ನು ಸಣ್ಣ ಹನಿಯಾಗಿ ಒಡೆದು ಡೀಸೆಲ್‌ನೊಳಗೇ ಬೆರೆಸಿ, ಎಂಜಿನ್‌ನಲ್ಲಿ ಉರಿದು ಹೋಗಲಿ ಎಂದು ಕಳಿಸುತ್ತದೆ. ಕೆಲವದರಲ್ಲಿ ಇದಕ್ಕಾಗಿ ಆಲ್ಕೋಹಾಲ್‌ ಇರುತ್ತದೆ. ಚಮಚ ನೀರಿದ್ದರೆ ಎರಡನೆಯದರಿಂದ ಅಪಾಯವಿಲ್ಲ. ತಳದಲ್ಲಿ ಬಕೆಟ್‌ ನೀರಿರುವ ಬೋಟಿಗೆ ಅದನ್ನು ಸುರಿದರೆ ಅಷ್ಟೂ ನೀರು ಫಿಲ್ಟರ್‌ ದಾಟಿ ಇಂಜೆಕ್ಟರ್‌ಗೆ ಹೋಗುತ್ತದೆ. ಕಾಮನ್‌ ರೈಲ್‌ ಎಂಜಿನ್‌ನಲ್ಲಿ 2,000 ಬಾರ್‌ವರೆಗೆ ಒತ್ತಡ. ಅಷ್ಟು ಒತ್ತಡ, ಅಷ್ಟು ಶಾಖದಲ್ಲಿ ನೀರಿನ ಹನಿ ಆವಿಯಾಗಿ ಸಿಡಿದರೆ ಇಂಜೆಕ್ಟರ್‌ ತುದಿಯೇ ಹಾರಿಹೋಗಬಹುದು. ಮಳೆಗಾಲಕ್ಕೆ ಮೊದಲನೆಯ ಜಾತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡೂ ಜಾತಿಯನ್ನು ಒಂದೇ ಟ್ಯಾಂಕಿಗೆ ಹಾಕಿದರೆ? ಒಂದು ಇಳಿಸಲು ನೋಡುತ್ತದೆ, ಇನ್ನೊಂದು ತೇಲಿಸಲು ನೋಡುತ್ತದೆ. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಬದಲಿಸುವವರು ಮೊದಲಿನ ಡೀಸೆಲ್‌ ಖರ್ಚಾಗಿ, ತಳದ ನೀರು ಬಿಟ್ಟ ಮೇಲೆಯೇ ಹೊಸದು ಹಾಕಬೇಕು. ಇಂಜೆಕ್ಟರ್‌ ಶುಚಿ ಮಾಡುವ ಬಾಟಲಿಯೂ ನೀರನ್ನು ಹಿಡಿದು ತೇಲಿಸಬಲ್ಲದು. ಆದ್ದರಿಂದ ಟ್ಯಾಂಕಿ ಒಣಗಿರುವ ಬೇಸಿಗೆಯೇ ಅದಕ್ಕೆ ತಕ್ಕ ಕಾಲ.

ಉಪ್ಪುನೀರು ಹೊಕ್ಕರೆ ಡೀಸೆಲ್‌ನಲ್ಲಿ ಸಾಬೂನು ಹುಟ್ಟುತ್ತದೆ. ಡೀಸೆಲ್‌ಗೆ ಜಾರುಗುಣ ಕೊಡಲು, ತುಕ್ಕು ತಡೆಯಲು ಹಾಕುವ ಅಡಿಟಿವ್‌ಗಳಲ್ಲಿ ಕೆಲವು ಆಮ್ಲಗಳು. ಕಡಲ ನೀರಿನ ಸೋಡಿಯಂ ಸೇರಿದಾಗ ಅವು ಸಾಬೂನಿನಂಥ ಜಿಡ್ಡಾಗಿ ಇಂಜೆಕ್ಟರ್‌ನ ಒಳಮೈಗೆ ಅಂಟುತ್ತವೆ. ಕಂಪನಿ ಹೇಳಿದ್ದಕ್ಕಿಂತ ಎರಡು ಪಟ್ಟು ಬಾಟಲಿ ಹಾಕಿದರೆ ಎರಡು ಪಟ್ಟು ಲಾಭ ಎಂದು ಎಣಿಸುವವರು ಇದನ್ನು ನೆನಪಿಡಬೇಕು.

ಶಿಲೀಂಧ್ರ ಕೊಲ್ಲುವ ಔಷಧ ಪ್ರತಿ ತಿಂಗಳು ಹಾಕುವಂಥದ್ದಲ್ಲ. ಅದು ವಿಷ. ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಬೇಕೇ ಬೇಕು. ಸತ್ತ ಶಿಲೀಂಧ್ರ ಮಾಯವಾಗುವುದೂ ಇಲ್ಲ. ಹಾಳೆ ಹಾಳೆಯಾಗಿ ಕಳಚಿ ಫಿಲ್ಟರ್‌ಗೆ ಬಂದು ಕೂರುತ್ತದೆ. ಆದ್ದರಿಂದ ಮೊದಲು ನೀರು ಬಿಟ್ಟು, ಟ್ಯಾಂಕಿ ತೊಳೆದು, ಆಮೇಲೆ ಔಷಧ. ಕಡಲಿಗೆ ಹೊರಡುವ ಹಿಂದಿನ ದಿನ ಹಾಕುವುದಂತೂ ಬೇಡವೇ ಬೇಡ.

ನಿಷೇಧ ಮುಗಿದು ಕಡಲಿಗಿಳಿದ ಮೊದಲ ದಿನ ಎಂಜಿನ್‌ ನಿಲ್ಲುವುದು ಸಾಮಾನ್ಯವಾಗಿ ಎಲ್ಲಿ? ಅಳಿವೆಯಲ್ಲಿ. ಇದಕ್ಕೆ ಕಾರಣವಿದೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಕೇದಕ ಐದೂ ಹೊಳೆಗಳು ಸೇರುವ ಪಂಚಗಂಗಾವಳಿಯ ಒಳನೀರಿನಲ್ಲಿ ಬೋಟು ಎರಡು ತಿಂಗಳು ಅಲುಗಾಡದೆ ನಿಂತಿರುತ್ತದೆ. ನೀರು, ಲೋಳೆ, ತುಕ್ಕಿನ ಪುಡಿ ಎಲ್ಲ ಟ್ಯಾಂಕಿಯ ತಳದಲ್ಲಿ ಶಾಂತವಾಗಿ ಕೂತಿರುತ್ತವೆ. ದಕ್ಕೆಯಲ್ಲಿ ಎಂಜಿನ್‌ ಚಾಲೂ ಮಾಡಿ ನೋಡಿದಾಗ ಮೇಲಿನ ಸ್ವಚ್ಛ ಡೀಸೆಲ್‌ ಹೋಗಿ ಎಲ್ಲ ಸರಿಯಾಗಿಯೇ ಓಡುತ್ತದೆ. ಗಂಗೊಳ್ಳಿಯ ಅಳಿವೆಬಾಗಿಲಲ್ಲಿ ಮೊದಲ ದೊಡ್ಡ ಅಲೆಗೆ ಬೋಟು ಮೂತಿ ಎತ್ತಿ ಬಡಿದಾಗ ತಳವೆಲ್ಲ ಕದಡಿ ಒಟ್ಟಿಗೇ ಪೈಪಿಗೆ ನುಗ್ಗುತ್ತದೆ. ಐದು ನಿಮಿಷದಲ್ಲಿ ಫಿಲ್ಟರ್‌ ಕಟ್ಟಬಹುದು. ಹೂಳು ತುಂಬಿದ, ಅಲೆ ಒಡೆಯುವ ಜಾಗದಲ್ಲಿ ಎಂಜಿನ್‌ ಇಲ್ಲದ ಬೋಟು ಅಡ್ಡ ತಿರುಗಿದರೆ ತಾಂಡೇಲ ಎಷ್ಟೇ ಅನುಭವಿಯಾದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. "ಟ್ಯಾಂಕಿ ಅಡಿಯಂಗೆ ನೀರ್‌ ಕೂಕಂಡಿತ್‌ ಕಾಣಿ" ಎಂದು ಮೆಕ್ಯಾನಿಕ್‌ ಹೇಳುವ ಮಾತನ್ನು ಜುಲೈ ತಿಂಗಳಲ್ಲೇ ಕಿವಿಗೆ ಹಾಕಿಕೊಳ್ಳಬೇಕು. ಡೀಸೆಲ್‌ ಬಗ್ಗೆ ಇಷ್ಟು ಬರೆಯಲು ನನಗಿರುವ ದೊಡ್ಡ ಕಾರಣ ಆ ಅಳಿವೆಯೇ.

ಇಂಧನ ಟ್ಯಾಂಕಿಗೆ ಹಿತ್ತಾಳೆ, ತಾಮ್ರ, ಸತುವಿನ ಲೇಪ ಆಗದು. ತಾಮ್ರ ತಗುಲಿದರೆ ಡೀಸೆಲ್‌ ಬೇಗ ಹಳಸಿ ಅಂಟಾಗುತ್ತದೆ. ಅದರಲ್ಲೂ ಜೈವಿಕ ಡೀಸೆಲ್‌ ಬೆರೆತಿದ್ದರೆ ಇನ್ನೂ ಬೇಗ.

ಜೈವಿಕ ಡೀಸೆಲ್‌ ಎಂದಾಗ ನಮ್ಮ ಹೊಂಗೆ ನೆನಪಾಗಬೇಕು. ಹೊಂಗೆ ಎಣ್ಣೆಯಿಂದ ಹಳ್ಳಿಯ ಎಂಜಿನ್‌ ಓಡಿಸಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಪ್ರಮುಖರು. 1900ರ ಪ್ಯಾರಿಸ್‌ ಪ್ರದರ್ಶನದಲ್ಲಿ ಡೀಸೆಲ್‌ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಇಂದಿನ ಐಎಸ್‌ 1460 ಡೀಸೆಲ್‌ನಲ್ಲಿ ಶೇ 7ರವರೆಗೆ ಜೈವಿಕ ಡೀಸೆಲ್‌ ಬೆರೆಸಲು ಅವಕಾಶವಿದೆ; 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ 2030ಕ್ಕೆ ಶೇ 5. ರೈತರಿಗೆ ಇದು ಒಳ್ಳೆಯ ಸುದ್ದಿ. ಕರಾವಳಿಯವರು ತಿಳಿದಿರಬೇಕಾದ್ದು ಒಂದೇ: ಜೈವಿಕ ಡೀಸೆಲ್‌ ಸಾದಾ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಅದು ಬೆರೆತಷ್ಟೂ ಮಳೆಗಾಲದಲ್ಲಿ ಡೀಸೆಲ್‌ ಕೂಡಿಡುವ ದಿನ ಕಡಿಮೆಯಾಗಬೇಕು.

ಪಂಪಿನಲ್ಲಿ ಸಿಗುವ ಪ್ರತಿ ಹನಿ ಡೀಸೆಲ್‌ಗೂ ಈಗಾಗಲೇ ಅಡಿಟಿವ್‌ ಬಿದ್ದಿರುತ್ತದೆ ಎಂದರೆ ನಂಬುತ್ತೀರಾ? 2020ರ ಏಪ್ರಿಲ್‌ 1ರಿಂದ ದೇಶವಿಡೀ ಬಿಎಸ್‌-6. ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗವಿದ್ದದ್ದು 10 ಭಾಗಕ್ಕೆ ಇಳಿಯಿತು. ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಾರುಗುಣವೂ ಹೋಗುತ್ತದೆ. ಪಂಪು, ಇಂಜೆಕ್ಟರ್‌ ಸವೆಯದಿರಲಿ ಎಂದು ತೈಲ ಕಂಪನಿಗಳೇ ಜಾರುಗುಣದ ಅಡಿಟಿವ್‌ ಬೆರೆಸುತ್ತವೆ. ಉಕ್ಕಿನ ಗುಂಡನ್ನು ಡೀಸೆಲ್‌ನಲ್ಲಿ ಮುಳುಗಿಸಿ ಉಜ್ಜಿದಾಗ ಬೀಳುವ ಗಾಯ 460 ಮೈಕ್ರಾನ್‌ ಮೀರಬಾರದು ಎಂಬುದು ಪರೀಕ್ಷೆ. ಎಕ್ಸ್‌ಟ್ರಾಗ್ರೀನ್‌, ಟರ್ಬೊಜೆಟ್‌ನಂಥ ದುಬಾರಿ ಡೀಸೆಲ್‌ಗಳಲ್ಲಿ ಇನ್ನಷ್ಟು ಅಡಿಟಿವ್‌ ಇರುತ್ತದೆ. ಅವನ್ನು ತುಂಬಿಸಿ ಮೇಲೆ ಬಾಟಲಿಯನ್ನೂ ಸುರಿಯುವ ಅಗತ್ಯ ನನಗಂತೂ ಕಾಣದು.

ಸೀಮೆಎಣ್ಣೆ ಬೆರೆಸುವುದು ಆ ಜಾರುಗುಣವನ್ನೇ ಕೆಡಿಸುತ್ತದೆ. ಅದು ಕಲಬೆರಕೆ, ಕಾನೂನಿಗೂ ವಿರುದ್ಧ.

ಬಸ್ಸು, ಲಾರಿಯ ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಡಿಇಎಫ್‌ (ಡೀಸೆಲ್‌ ಎಕ್ಸಾಸ್ಟ್‌ ಫ್ಲೂಯಿಡ್‌) ಡೀಸೆಲ್‌ ಅಡಿಟಿವ್‌ ಅಲ್ಲ. ಅದು ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಡೀಸೆಲ್‌ ಟ್ಯಾಂಕಿಗೆ ಬಿದ್ದರೆ ಎಂಜಿನ್‌ ಚಾಲೂ ಮಾಡಲೇಬೇಡಿ. ಬೇಸಿಗೆಯಲ್ಲಿ ಇದಕ್ಕೆ ಆಯಸ್ಸು ಕಡಿಮೆ: 25 ಡಿಗ್ರಿಯಲ್ಲಿ 18 ತಿಂಗಳು ಬಾಳುವುದು 35 ಡಿಗ್ರಿಯಲ್ಲಿ 6 ತಿಂಗಳಿಗೆ ಮುಗಿಯುತ್ತದೆ. ಏಪ್ರಿಲ್‌, ಮೇ ಬಿಸಿಲಲ್ಲಿ ತಗಡಿನ ಮಾಡಿನಡಿ ಕ್ಯಾನುಗಳನ್ನು ಪೇರಿಸಿಡುವುದು ಸರಿಯಲ್ಲ.

ಬಿಸಿಲಿಗೆ ಡೀಸೆಲ್‌ ಹಿಗ್ಗುತ್ತದೆ. 25 ಡಿಗ್ರಿಯ 1,000 ಲೀಟರ್‌ 35 ಡಿಗ್ರಿಗೆ ಸುಮಾರು 1,008 ಲೀಟರ್‌. ಬೇಸಿಗೆಯಲ್ಲಿ ಟ್ಯಾಂಕಿಯನ್ನು ಕಂಠಮಟ್ಟ ತುಂಬಬಾರದು.

ಟಿಲ್ಲರ್‌ ಇರುವವರಿಗೆ ಒಂದು ಮಾತು. ಬೈಂದೂರು, ಬ್ರಹ್ಮಾವರದ ಗದ್ದೆಗಳಲ್ಲಿ ನಾಟಿ ಮುಗಿದರೆ ಟಿಲ್ಲರ್‌ ಕೊಟ್ಟಿಗೆ ಸೇರುತ್ತದೆ, ಮುಂದಿನ ಬೆಳೆಯವರೆಗೆ ಕೆಲಸವಿಲ್ಲ. ನಿಲ್ಲಿಸುವ ಮೊದಲು ಟ್ಯಾಂಕಿ ತುಂಬಿಡಿ ಅಥವಾ ಪೂರ್ತಿ ಬರಿದು ಮಾಡಿ. ಅರ್ಧ ಬಿಟ್ಟು ಹೋಗಬೇಡಿ. ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ ಮೂಲೆ ಸೇರುವ ಬಾಡಿಗೆ ಜನರೇಟರ್‌ಗಳಿಗೂ ಇದೇ ಕ್ರಮ. ಆರು ತಿಂಗಳ ಹಳೆಯ ಡೀಸೆಲ್‌ನಲ್ಲಿ ದೀಪಾವಳಿ ಕಳೆದ ಮೊದಲ ಆಟಕ್ಕೆ ಅವನ್ನು ಎಬ್ಬಿಸಬೇಡಿ.

ಪಂಪಿನಲ್ಲಿ ಅನುಮಾನ ಬಂದರೆ ಸಾಂದ್ರತೆ ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು. 15 ಡಿಗ್ರಿಗೆ ಹೊಂದಿಸಿ ಲೆಕ್ಕ ಹಾಕಿದ ಸಾಂದ್ರತೆ ಅಲ್ಲಿನ ದಾಖಲೆಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಪ್ರಶ್ನಿಸಬೇಕು. ಭಾರೀ ಮಳೆ ಬಂದ ಮರುದಿನ ನೀರು ಪತ್ತೆಯ ಪೇಸ್ಟ್‌ ಹಚ್ಚಿ ಟ್ಯಾಂಕಿ ನೋಡಿದ್ದೀರಾ ಎಂದೂ ಕೇಳಿ. ಅದು ಅವರೂ ಮಾಡಬೇಕಾದ ಕೆಲಸವೇ.

2023-24ರ ರಾಜ್ಯ ಬಜೆಟ್‌ನಲ್ಲಿ ಮೀನುಗಾರಿಕಾ ಬೋಟುಗಳ ತೆರಿಗೆರಹಿತ ಡೀಸೆಲ್‌ ಮಿತಿಯನ್ನು ವರ್ಷಕ್ಕೆ 1.5 ಲಕ್ಷದಿಂದ 2 ಲಕ್ಷ ಕಿಲೋಲೀಟರ್‌ಗೆ ಏರಿಸಲಾಯಿತು. ಅಷ್ಟು ಡೀಸೆಲ್‌ ಕೂಡಿಟ್ಟು ಹಂಚುವ ದಕ್ಕೆಯ ಬಂಕುಗಳಲ್ಲಿ ಮಳೆಗಾಲದ ತಪಾಸಣೆಗೆ ಪ್ರತ್ಯೇಕ ವೇಳಾಪಟ್ಟಿ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಮಾನದಂಡದ ಪುಸ್ತಕಕ್ಕೆ ಎರಡು ಕಾಲ ಸಾಕಿರಬಹುದು, ಕರಾವಳಿಗೆ ಮೂರು ಬೇಕು.

ಕೊನೆಯದಾಗಿ, ಜುಲೈ ಕೊನೆಯ ವಾರದ ಕೆಲಸದ ಕ್ರಮ. ತಳದ ನಲ್ಲಿ ತೆರೆದು ಸ್ವಚ್ಛ ಡೀಸೆಲ್‌ ಬರುವವರೆಗೆ ಬಿಡುವುದು. ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಇಟ್ಟು ನೋಡುವುದು. ಲೋಳೆ ಕಂಡರೆ ಟ್ಯಾಂಕಿ ತೊಳೆಸುವುದು. ಮುಚ್ಚಳದ ರಬ್ಬರ್‌ ಬದಲಿಸುವುದು. ಎರಡೂ ಫಿಲ್ಟರ್‌ ಹೊಸದು. ಆಮೇಲೆ ಹೊಸ ಡೀಸೆಲ್‌, ಅದಾದ ಮೇಲೆ ಬೇಕಿದ್ದರೆ ಮಾತ್ರ ಅಡಿಟಿವ್‌, ಅದೂ ಲೇಬಲ್ಲಿನ ಅಳತೆಯಷ್ಟೇ. ಬಿಟ್ಟ ನೀರು, ಲೋಳೆಯನ್ನು ಹೊಳೆಗೆ ಸುರಿಯಬೇಡಿ. ಅದೇ ಹೊಳೆಯಲ್ಲಿ ಚಿಪ್ಪು ಹೆಕ್ಕುವವರಿದ್ದಾರೆ. ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್‌ ಕೊಳ್ಳುವವರಿಗೆ ಕೊಡಿ. ಬೋಟಿನಲ್ಲಿ ಹೆಚ್ಚುವರಿ ಫಿಲ್ಟರ್‌ ಎರಡು ಇರಲಿ, ಅವನ್ನು ಅಲೆಯ ನಡುವೆಯೂ ಬದಲಿಸಬಲ್ಲ ಇಬ್ಬರು ಹುಡುಗರಾದರೂ ಇರಲಿ.